ಓದುಗರ ಪ್ರಶ್ನೆ: ಸಭೆಗೆ ಬಾರದವರನ್ನು ಒಳಗೊಳ್ಳುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯ. ನಮ್ಮ ವ್ಯಾಪ್ತಿಯಲ್ಲಿ ಇಪ್ಪತ್ತೆರಡು ಮನೆಗಳ, ಪರಿಶಿಷ್ಟ ಪಂಗಡದ ಹಸಲರ ಒಂದು ಕೇರಿ ಇದೆ. ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೆ ಕೊಡಿಸುತ್ತೇವೆ. ಬಾಟಲಿಗಳು ಮಾಡಿನ ಸಂದಿಯಲ್ಲಿ ಹಾಗೇ ಉಳಿಯುತ್ತವೆ. ತಿಳಿವಳಿಕೆ ಸಭೆ ಕರೆದರೆ ನಾಲ್ಕೈದು ಗಂಡಸರು ಬಂದು ಹಿಂದೆ ಕುಳಿತು ಎದ್ದುಹೋಗುತ್ತಾರೆ. ಕಾಡಿಗೆ ಹೋಗಿ ದರಗು (ಉದುರಿದ ಒಣ ಎಲೆ) ತರುವ ಹೆಂಗಸರು ಬರುವುದೇ ಇಲ್ಲ. ಅವರದೇ ಜೀವದ ವಿಷಯದಲ್ಲಿ ಅವರನ್ನು ತೊಡಗಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಎರಡು ಮಾತುಗಳ ಮೇಲೆ ನನ್ನ ಕಣ್ಣು ನಿಂತಿತು: ‘ಕೊಡಿಸುತ್ತೇವೆ’ ಮತ್ತು ‘ಕರೆದರೆ’. ಯಾವ ಎಣ್ಣೆ, ಎಷ್ಟು, ಯಾವಾಗ, ಯಾರ ಕೈಯಲ್ಲಿ ಎಂಬುದೆಲ್ಲ ಕೇರಿಯ ಹೊರಗೆ ತೀರ್ಮಾನವಾಗಿ, ಹಚ್ಚಿಕೊಳ್ಳುವ ಕೆಲಸ ಮಾತ್ರ ಅವರ ಪಾಲಿಗೆ ಉಳಿದಿದೆ. ಅವರು ಹಚ್ಚಿಕೊಳ್ಳದಿದ್ದಾಗ ಅದನ್ನು ನಾವು ತಿಳಿವಳಿಕೆಯ ಕೊರತೆ ಎಂದು ಕರೆದು, ಇನ್ನೊಂದು ತಿಳಿವಳಿಕೆ ಸಭೆ ಇಡುತ್ತೇವೆ. ಸಮುದಾಯ ಆರೋಗ್ಯದ ಕೆಲಸದಲ್ಲಿ ಬಹಳ ವರ್ಷ ಈ ತಪ್ಪನ್ನು ನಾನೂ ಮಾಡಿದ್ದೇನೆ.

ಅದು ನನಗೆ ಅರ್ಥವಾದದ್ದು ಸಾಗರ ತಾಲ್ಲೂಕಿನ ಒಂದು ಕೇರಿಯಲ್ಲಿ. ಸಂಜೆ ಏಳರ ಸುಮಾರಿಗೆ, ಕೂಲಿ ಮುಗಿಸಿ ಬಂದ ಹೆಂಗಸರು ಜಗಲಿಯ ಮೇಲೆ ಕುಳಿತಿದ್ದರು. ಎಣ್ಣೆ ಏಕೆ ಹಚ್ಚುವುದಿಲ್ಲ ಎಂದು ಕೇಳುವುದನ್ನು ಬಿಟ್ಟು, ಬೆಳಿಗ್ಗೆ ಎದ್ದಾಗಿನಿಂದ ಹೊರೆ ಇಳಿಸುವವರೆಗೆ ಏನೇನು ಮಾಡುತ್ತೀರಿ ಎಂದು ಕೇಳಿದೆವು. ಐವತ್ತರ ಆಚೆಯ ಒಬ್ಬಾಕೆ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಎಲೆಯ ಬೆನ್ನಿಗೆ ಹೆಬ್ಬೆರಳಿನಿಂದ ಸುಣ್ಣ ಸವರುತ್ತ, “ಈ ಕೈಯಗೆ ಆ ಎಣ್ಣೆ ಹಚ್ಚಿದ್ರೆ ಎಲೆ ಬಾಯಿಗಿಡಕ್ಕೆ ಆಗಲ್ಲ. ಎಲೆ ಹಾಕ್ದೆ ಹೊರೆ ಎತ್ತಕ್ಕೆ ಆಗಲ್ಲ” ಎಂದರು. ಅಷ್ಟು ವರ್ಷಗಳ ನಮ್ಮ ಭಿತ್ತಿಪತ್ರಗಳಲ್ಲಿ ಎಲೆಅಡಿಕೆಯ ಪ್ರಸ್ತಾಪವೇ ಇರಲಿಲ್ಲ. ಪರಿಹಾರವೂ ಅದೇ ಜಗಲಿಯಿಂದ ಬಂತು: ಬಟ್ಟೆಯ ಚೂರಿಗೆ ಎಣ್ಣೆ ಅದ್ದಿ ಎಡಗೈಯಿಂದ ಕಾಲಿಗೂ ತೋಳಿಗೂ ಸವರಿಕೊಳ್ಳುವುದು, ದೊಡ್ಡ ಬಾಟಲಿಯ ಬದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ಸಣ್ಣ ಶೀಶೆ ಇಟ್ಟುಕೊಳ್ಳುವುದು. ಬೆವರಿಗೆ ಎಣ್ಣೆ ಇಳಿದುಹೋಗುವುದರಿಂದ ಮಧ್ಯಾಹ್ನ ಮತ್ತೆ ಹಚ್ಚಬೇಕಾಗುತ್ತದೆ. ದೊಡ್ಡ ಬಾಟಲಿ ಮನೆಯಲ್ಲಿ ಉಳಿದರೆ ಆ ಎರಡನೆಯ ಸಲ ನಡೆಯುವುದೇ ಇಲ್ಲ.

ಆದ್ದರಿಂದ ಮೊದಲು ಸಭೆಯ ಜಾಗ ಮತ್ತು ಹೊತ್ತು ಬದಲಾಗಲಿ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಯಲ್ಲಿ ಸಭೆ ಇಟ್ಟರೆ ಕೂಲಿಯವರಿಗೆ ಅದು ಒಂದು ದಿನದ ಸಂಬಳದ ಪ್ರಶ್ನೆ. ಕತ್ತಲಾದ ಮೇಲೆ ಕೇರಿಗೆ ನೀವು ಹೋಗಿ. ಬ್ಯಾನರ್, ಮೈಕು, ಫೋಟೋ ಬೇಡ. ಮೊದಲ ಎರಡು ಭೇಟಿಗಳಲ್ಲಿ ಏನನ್ನೂ ಹೇಳಬೇಡಿ, ಕೇಳಿಸಿಕೊಂಡು ಬನ್ನಿ. ಗಂಡಸರು, ಹೆಂಗಸರು ಬೇರೆಬೇರೆ ಕುಳಿತು ಮಾತನಾಡುವ ಅವಕಾಶವಿರಲಿ. ಒಂದೇ ಕಡೆ ಕೂಡಿಸಿದರೆ ಯಾರ ದನಿ ಕೇಳುತ್ತದೆಂದು ನಿಮಗೆ ಗೊತ್ತು.

ಮೂರನೆಯ ಭೇಟಿಯಲ್ಲಿ ಅಂಗಳದಲ್ಲಿ ರಂಗೋಲಿ ಪುಡಿ, ಇದ್ದಿಲು, ಎಲೆ, ಕಲ್ಲುಗಳಿಂದ ಒಂದು ನಕ್ಷೆ ಬಿಡಿಸಲು ಆ ಹೆಂಗಸರಿಗೇ ಹೇಳಿ. ದರಗಿಗೆ ಹೋಗುವ ದಾರಿ, ಸೌದೆಯ ದಾರಿ, ದನ ಮೇಯುವ ಹಾಡ್ಯ, ಮಂಗ ಸತ್ತದ್ದು ಕಂಡ ಜಾಗ ಎಲ್ಲವೂ ಅದರಲ್ಲಿ ಬರಲಿ. ಈ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಾದದ್ದೂ ಮಂಗಗಳು ಸಾಯುತ್ತಿದ್ದುದರ ಸುಳಿವಿನಿಂದಲೇ. ವೈರಸ್ಸನ್ನು ಹರಡುವುದು ಉಣುಗು. ಮರಿ ಉಣುಗುಗಳು ಹೆಚ್ಚಾಗಿರುವುದು ಚಳಿಗಾಲದಿಂದ ಮಳೆ ಹಿಡಿಯುವವರೆಗೆ. ದರಗು ಉದುರುವುದೂ, ಅದನ್ನು ಗುಡಿಸಿ ಕೊಟ್ಟಿಗೆಗೆ ಹೊರುವುದೂ ಅದೇ ತಿಂಗಳುಗಳಲ್ಲಿ. ಹೀಗಿರುವಾಗ ಕಾಡಿನ ಯಾವ ಮೂಲೆಯಲ್ಲಿ ಮಂಗ ಸತ್ತಿದೆ ಎಂಬುದನ್ನು ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕಿಂತ ಮೊದಲು ತಿಳಿಯುವವರು ದರಗು ಹೊರುವ ಹೆಂಗಸರು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲೆ ಎಣ್ಣೆಯ ಜೊತೆಗೆ ನಮಗೆ ಉಳಿದಿರುವ ದೊಡ್ಡ ರಕ್ಷಣೆಯೆಂದರೆ ಈ ಮುನ್ಸೂಚನೆಯೇ.

ಹಾಗಾದರೆ ಅವರು ತಿಳಿಸುವುದಿಲ್ಲವೇಕೆ? ಕೇಳಿ ನೋಡಿ. ನಾನು ಹೋದ ಕೇರಿಗಳಲ್ಲಿ ಸಿಕ್ಕ ಉತ್ತರ ಸರಳವಾದದ್ದು: “ಮಂಗ ಸತ್ತಿದ್ದು ಅಲ್ಲಿ ಅಂದ್ರೆ, ನೀ ಅಲ್ಲಿಗೆ ಯಾಕೆ ಹೋಗಿದ್ದೆ ಅಂತಾರೆ.” ಸೌದೆಗೆ ಕಾಡಿಗೆ ಹೋದದ್ದೇ ತಪ್ಪಾಗಿ ಕಾಣುವ ಕಡೆ ಸತ್ತ ಮಂಗದ ಸುದ್ದಿ ಹೇಳುವುದೆಂದರೆ ತನ್ನ ಮೇಲೆ ತಾನೇ ದೂರು ಕೊಟ್ಟಂತೆ. ಈ ಅಂಜಿಕೆಯನ್ನು ತೆಗೆಯುವುದು ಕೇರಿಯವರ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಅರಣ್ಯ ಮತ್ತು ಆರೋಗ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯನ್ನು ಕೂಡಿಸಿ, ಸುದ್ದಿ ಕೊಟ್ಟವರ ಹೆಸರು ಕೇಳುವುದಿಲ್ಲ ಎಂಬ ಒಪ್ಪಂದವನ್ನು ಎಲ್ಲರ ಎದುರು ಮಾಡಿಸಿ. ಸುದ್ದಿ ತಲುಪಿಸುವವರು ಯಾರೆಂದು ಕೇರಿಯ ಹೆಂಗಸರೇ ಆರಿಸಲಿ. ಅದು ಆಶಾ ಕಾರ್ಯಕರ್ತೆಯೇ ಆಗಬೇಕೆಂದಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನವೇ ಅದು ಕೇರಿಗೆ ಮರಳಿ ತಲುಪಲಿ. ಒಮ್ಮೆ ಕೊಟ್ಟ ಸುದ್ದಿಗೆ ಏನಾಯಿತೆಂದು ತಿಳಿಯದವರು ಎರಡನೆಯ ಬಾರಿ ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಹೆಂಗಸರು ಹೊರುವ ದರಗಿನಲ್ಲಿ ಎಷ್ಟು ಅವರ ಸ್ವಂತಕ್ಕೆ, ಎಷ್ಟು ತೋಟದ ಒಡೆಯರ ಕೊಟ್ಟಿಗೆಗೆ ಎಂದು ವಿಚಾರಿಸಿ. ಸೊಪ್ಪಿನ ಬೆಟ್ಟಕ್ಕೆ, ಅಂದರೆ ಸೊಪ್ಪು, ದರಗು ತರುವ ಕಾಡಿಗೆ, ಹೋಗುವ ದಿನವನ್ನು ನಿಗದಿ ಮಾಡುವವರು ಕೂಲಿ ಕೊಡುವವರಾದರೆ, ಅಪಾಯವಿರುವ ವಾರದಲ್ಲಿ ಹೋಗಬೇಡಿ ಎಂದು ಕೂಲಿಯವರಿಗೆ ಉಪದೇಶಿಸಿ ಫಲವಿಲ್ಲ. ಮಂಗ ಸತ್ತ ಕಡೆಯ ಬೆಟ್ಟಕ್ಕೆ ಇಷ್ಟು ವಾರ ಆಳು ಕಳಿಸುವುದಿಲ್ಲ, ಆ ದಿನಗಳಲ್ಲಿ ತೋಟದ ಒಳಗಿನ ಕೆಲಸ ಕೊಡುತ್ತೇವೆ ಎಂದು ಒಡೆಯರು ಒಪ್ಪಬೇಕು. ಆ ಮಾತುಕತೆಯಲ್ಲಿ ಹೆಂಗಸರ ಬೆನ್ನಿಗೆ ಪಂಚಾಯಿತಿ ನಿಲ್ಲಬೇಕು. ಇದು ಎಣ್ಣೆ ಹಂಚುವುದಕ್ಕಿಂತ ಕಷ್ಟದ ಕೆಲಸ, ನಿಮ್ಮ ಮತದಾರರಲ್ಲಿ ಕೆಲವರಿಗೆ ಇಷ್ಟವಾಗದ ಕೆಲಸವೂ ಹೌದು. ಆದರೆ ಸಮಸ್ಯೆಯ ಬೇರು ಇರುವಲ್ಲಿಗೆ ಹೋಗದೆ ಕೇರಿಯವರನ್ನು ‘ತೊಡಗಿಸಿಕೊಂಡೆವು’ ಎಂದರೆ ಅವರು ನಂಬುವುದಿಲ್ಲ, ನಂಬಲೂಬಾರದು.

ನಮ್ಮ ಶಿವಮೊಗ್ಗ ಜಿಲ್ಲೆಗೆ ಇದು ಹೊಸ ಪಾಠವೇನಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ 1951ರ ಸತ್ಯಾಗ್ರಹದ ಹಿಂದೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ತಕರಾರು. ಅಳೆಯುವ ಕೊಳಗ ದೊಡ್ಡದೋ ಚಿಕ್ಕದೋ ಎಂಬುದು ಭತ್ತ ಅಳೆದುಕೊಟ್ಟ ದೀವರ ಸಮುದಾಯದ ರೈತರಿಗೆ ಕೈಯಲ್ಲೇ ಗೊತ್ತಿತ್ತು. ಎಚ್. ಗಣಪತಿಯಪ್ಪನವರು ಅವರ ನಡುವಿನಿಂದಲೇ ಎದ್ದುಬಂದು ಸಂಘಟನೆ ಕಟ್ಟಿದರು. ಸಮಾಜವಾದಿಗಳು, ಕೊನೆಗೆ ರಾಮಮನೋಹರ ಲೋಹಿಯಾ ಅವರೂ ಬಂದದ್ದು ಆಮೇಲೆ. ಕೊಳಗದ ಪ್ರಶ್ನೆಯನ್ನು ಹೊರಗಿನವರಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಪ್ರಶ್ನೆ: ಶಿಕಾರಿಪುರ ತಾಲ್ಲೂಕಿನ ಲಂಬಾಣಿ ತಾಂಡಾದವಳು, ಪದವಿ ಓದುತ್ತಿದ್ದೇನೆ. ನೀರಿನ ಟ್ಯಾಂಕು ಎಲ್ಲಿ ಕಟ್ಟಬೇಕೆಂದು ತಾಂಡಾದ ಹಿರಿಯರಾದ ನಾಯಕ, ಕಾರಭಾರಿ ಮತ್ತು ಪಂಚಾಯಿತಿಯವರು ಸೇರಿ ತೀರ್ಮಾನಿಸಿದರು. ಅದು ರಸ್ತೆಬದಿಯ ಮನೆಗಳಿಗೆ ಅನುಕೂಲ; ಮೇಲಿನ ಸಾಲಿಗೆ ನೀರು ಏರುವುದಿಲ್ಲ. ನೀರು ಹೊರುವ ನಾವು ಕೇಳಿದರೆ “ಹಿರಿಯರು ಮಾತಾಡಿ ಆಗಿದೆ” ಎನ್ನುತ್ತಾರೆ. ಹಿರಿಯರಿಗೆ ಎದುರು ಮಾತನಾಡದೆ ಏನು ಮಾಡಬಹುದು?

ಉತ್ತರ: ನಿಮ್ಮ ತಾಂಡಾದ ಹಿರಿಯರ ಕೂಟಕ್ಕೆ ತನ್ನದೇ ಗೌರವವಿದೆ, ಅದನ್ನು ಉಳಿಸಿಕೊಂಡೇ ಮುಂದೆ ಹೋಗಬಹುದು. ಆದರೆ ಟ್ಯಾಂಕಿನ ಜಾಗ ನಿಗದಿ ಮಾಡುವ ಅಧಿಕಾರ ಆ ಕೂಟದ್ದಲ್ಲ ಎಂಬುದು ನಿಮಗೆ ಸ್ಪಷ್ಟವಿರಲಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ವಾರ್ಡಿನ ಮತದಾರರೆಲ್ಲರೂ ವಾರ್ಡ್ ಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಇದರ ಜೊತೆಗೆ, 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಮಾರ್ಗಸೂಚಿಯಂತೆ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ 10ರಿಂದ 15 ಮಂದಿ ಇರಬೇಕು, ಅವರಲ್ಲಿ ಶೇ 50ರಷ್ಟು ಮಹಿಳೆಯರಾಗಿರಬೇಕು. ಚುನಾಯಿತ ಸದಸ್ಯರು ಶೇ 25ನ್ನು ಮೀರುವಂತಿಲ್ಲ, ಉಳಿದದ್ದು ದುರ್ಬಲ ವರ್ಗಗಳಿಗೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರ ಹೆಸರಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಲಿಖಿತವಾಗಿ ಕೇಳಿ. ಆ ಪಟ್ಟಿಯಲ್ಲಿ ನಿಮ್ಮ ಅಮ್ಮನ ಅಥವಾ ಅಕ್ಕಪಕ್ಕದವರ ಹೆಸರು ಅವರಿಗೇ ತಿಳಿಯದೆ ಇದ್ದರೆ ಅಚ್ಚರಿಪಡಬೇಡಿ.

ಬರಿ ಆಕ್ಷೇಪ ಒಯ್ಯಬೇಡಿ, ಲೆಕ್ಕ ಒಯ್ಯಿರಿ. ಮೇಲಿನ ಸಾಲಿನ ಪ್ರತಿ ಮನೆಗೆ ವಾರವಿಡೀ ಎಷ್ಟು ಕೊಡ ನೀರು ಬಂತು, ಎಷ್ಟು ಕೊಡ ಹೊತ್ತು ತಂದರು, ಹೊತ್ತವರು ಯಾರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಕ್ಷರ ಬಾರದ ಮನೆಗಳವರು ಗೋಡೆಯ ಮೇಲೆ ಗೆರೆ ಎಳೆಯಲಿ. ಆ ನೋಟ್‌ಬುಕ್ಕನ್ನು ಮೊದಲು ನಾಯಕರ ಮನೆಗೆ ಒಯ್ದು ಓದಿ ಹೇಳಿ, ಸಭೆಯಲ್ಲಿ ನಮ್ಮ ಪರವಾಗಿ ನೀವೇ ಮಂಡಿಸಿ ಎಂದು ಕೇಳಿಕೊಳ್ಳಿ. ಒಪ್ಪಿದರೆ ಬಹಳ ಸಂತೋಷ, ಒಪ್ಪದಿದ್ದರೆ ಸಭೆಯಲ್ಲಿ ನೀವೇ ಓದಿ. ಹೆಂಗಸರು ತಮ್ಮ ಲಂಬಾಣಿ ಮಾತಾದ ಗೋರ್ ಬೋಲಿಯಲ್ಲೇ ಮಾತನಾಡಲಿ. ಕನ್ನಡಕ್ಕೆ ತಂದು ಹೇಳುವ ಕೆಲಸ ನಿಮ್ಮದಾಗಲಿ. ಮಾತನಾಡಿದ್ದು ನಡಾವಳಿ ಪುಸ್ತಕದಲ್ಲಿ ಸೇರಿತೇ ಎಂದು ಸಹಿ ಹಾಕುವ ಮೊದಲು ಓದಿಸಿಕೊಳ್ಳಿ. ನಡಾವಳಿಯಲ್ಲಿ ಇಲ್ಲದ ಮಾತಿಗೆ ಆಮೇಲೆ ಬೆಲೆಯಿಲ್ಲ.

ದಿನದ ವಿಷಯದಲ್ಲೂ ಪಟ್ಟು ಹಿಡಿಯಿರಿ. ಕಬ್ಬಿನ ಕಟಾವಿಗೆ, ಕಾಫಿ ಕೊಯ್ಲಿಗೆ ಅರ್ಧ ತಾಂಡಾ ಹೊರಗಿರುವಾಗ ಸಭೆ ಇಟ್ಟರೆ ಕಷ್ಟದಲ್ಲಿರುವವರೇ ಅದರಲ್ಲಿ ಇರುವುದಿಲ್ಲ. ದೀಪಾವಳಿಗೆ ಹುಡುಗಿಯರು ದೀಪ ಹಿಡಿದು ಮನೆಮನೆಗೆ ‘ಮೇರಾ’ ಹಾಡು ಹೇಳಲು ಹೋಗುವಾಗ, ಹೋಳಿಯ ಕುಣಿತಕ್ಕೆ ಎಲ್ಲರೂ ಸೇರುವಾಗ ತಾಂಡಾ ತುಂಬಿರುತ್ತದೆ. ಹಬ್ಬದ ಮರುದಿನಗಳಲ್ಲಿ ವಾರ್ಡ್ ಸಭೆ ಇಡಿ ಎಂದು ನಿಮ್ಮ ವಾರ್ಡಿನ ಸದಸ್ಯರಿಗೆ ಈಗಲೇ ಅರ್ಜಿ ಕೊಡಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಮ್ಮ ಮಜರೆಯಲ್ಲಿ ಹಸಲರೂ ಇತರ ಹಿಂದುಳಿದ ಜಾತಿಯವರೂ ಇದ್ದಾರೆ. ಕಾಡಿನ ಭೂಮಿಯ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸಬೇಕಾದ ಅರಣ್ಯ ಹಕ್ಕು ಸಮಿತಿ ಕಾಗದದಲ್ಲಷ್ಟೇ ಇದೆ. ಹಳೆಯ ದಾಖಲೆ ಇಲ್ಲವೆಂದು ಅರ್ಜಿಗಳು ವಾಪಸಾಗಿವೆ. ನಾವೇ ಏನಾದರೂ ಮಾಡಬಹುದೇ?

ಉತ್ತರ: ಮಾಡಬಹುದು, ಏಕೆಂದರೆ 2006ರ ಅರಣ್ಯ ಹಕ್ಕು ಕಾಯ್ದೆ ಮೊದಲ ಹೆಜ್ಜೆಯನ್ನು ಗ್ರಾಮಸಭೆಗೇ ಬಿಟ್ಟಿದೆ. ಸಮಿತಿಯಲ್ಲಿ 10ರಿಂದ 15 ಮಂದಿ, ಅವರಲ್ಲಿ ಮೂರನೆಯ ಎರಡು ಭಾಗ ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರು ಇರಬೇಕು. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ಅರ್ಧ. ಹಾಜರಾದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಇದು ಪಾಲನೆಯಾಗದಿದ್ದರೆ ಹೊಸದಾಗಿ ಸಭೆ ಕರೆಯಿಸಿ ಸಮಿತಿಯನ್ನು ಆರಿಸಿಕೊಳ್ಳಿ.

75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸದ ಷರತ್ತು ಇರುವುದು ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ. ಹಸಲರು ಪರಿಶಿಷ್ಟ ಪಂಗಡದವರಾದ್ದರಿಂದ ಅವರ ಅರ್ಜಿಗೆ ಈ ಷರತ್ತು ಅನ್ವಯಿಸುವುದಿಲ್ಲ. ಅವರಿಗೆ ಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ. ಎರಡನ್ನೂ ಬೆರೆಸಿ ವಾಪಸು ಕಳಿಸಿದ್ದಾರೆಯೇ ಎಂದು ಒಂದೊಂದೇ ಹಿಂಬರಹವನ್ನು ಓದಿ ನೋಡಿ.

ದಾಖಲೆ ಎಂದರೆ ಕಚೇರಿಯ ಕಾಗದ ಮಾತ್ರವಲ್ಲ. ನಿಯಮಗಳು ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಸಾಕ್ಷ್ಯವೆಂದು ಒಪ್ಪುತ್ತವೆ. ಮನೆ, ಗದ್ದೆಯ ಬದು, ಹಳೆಯ ಬಾವಿ, ಸಮಾಧಿ, ಪೂಜೆಯ ಸ್ಥಳಗಳನ್ನೂ ಒಪ್ಪುತ್ತವೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು, ಅಷ್ಟೇ. ಮಳೆ ಹಿಡಿಯುವ ಮೊದಲು, ಹುಲ್ಲು ಒಣಗಿ ನೆಲ ಕಾಣುವ ಹೊತ್ತಿನಲ್ಲಿ, ಮಜರೆಯ ಅತಿ ಹಿರಿಯರನ್ನು ಕೈಹಿಡಿದು ಕರೆದುಕೊಂಡು ಹೋಗಿ. ಚೌಡಿಯ ಕಲ್ಲು ಯಾವುದು, ಯಾರ ಅಜ್ಜಿಯನ್ನು ಎಲ್ಲಿ ಹೂಳಲಾಯಿತು, ಯಾವ ಬದು ಯಾರು ಕಟ್ಟಿದ್ದು ಎಂದು ಅವರು ಹೇಳಿದಂತೆ ಬರೆದುಕೊಂಡು, ಅಲ್ಲೇ ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದಲಿ. ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಿ.