ಕೊನೆಯ ಪಂಕ್ತಿಗೂ ಪಾಯಸ ಉಳಿಯಬೇಕು

ಕೂಡಿ ಉಣ್ಣುವುದು, ಹಂಚಿ ತಿನ್ನುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ 200 ಜನರ ಊಟವನ್ನು ನಾವೇ ಸೇರಿ ಮಾಡುತ್ತೇವೆ. ಹೋದ ವರ್ಷ ಅನ್ನ ಅರ್ಧ ಕೊಳಗ ಮಿಕ್ಕಿತು, ಪಾಯಸ ಮೂರನೇ ಪಂಕ್ತಿಗೇ ತಳ ಕಂಡಿತು. ಸಾಮಾನಿನ ಲೆಕ್ಕ ಹೇಗೆ? ಇಲ್ಲವೇ ಮನೆಗೊಂದು ಬಗೆ ಮಾಡಿ ತರಿಸೋಣವೇ? (ದಾವಣಗೆರೆ)

ಉತ್ತರ: ಮನೆಯಲ್ಲಿ ನಾಲ್ಕು ಜನರಿಗೆ ಮಾಡುವುದನ್ನು ಐವತ್ತರಿಂದ ಗುಣಿಸಿದರೆ ಹೀಗೇ ಆಗುತ್ತದೆ. ಚಿತ್ರಾನ್ನ, ಕೋಸಂಬರಿ, ಪಲ್ಯ, ಪಾಯಸ ಎಲ್ಲ ಇರುವ ಊಟದಲ್ಲಿ ಎಲೆಗೆ 110 ಗ್ರಾಂ ಅಕ್ಕಿ ಸಾಕು. 200 ಎಲೆಗೆ 22 ಕೆಜಿ, ಅದರಲ್ಲಿ 5 ಕೆಜಿ ಚಿತ್ರಾನ್ನಕ್ಕೆ. ಬರೀ ಅನ್ನ, ಸಾರು, ಪಾಯಸ ಎಂದರೆ ಜನ ಅನ್ನವನ್ನೇ ಉಣ್ಣುತ್ತಾರೆ, ಆಗ 150 ಗ್ರಾಂ ಹಿಡಿಯಿರಿ. ಹುಳಿಗೆ ತೊಗರಿಬೇಳೆ 5 ಕೆಜಿ, ತರಕಾರಿ 12 ಕೆಜಿ. ಸಾರಿಗೆ ಬೇಳೆ 2 ಕೆಜಿ. ಪಲ್ಯಕ್ಕೆ ಹುರುಳಿಕಾಯಿ 14 ಕೆಜಿ, ತೊಟ್ಟು ನಾರು ಹೋಗುವುದೂ ಸೇರಿ. ಕೋಸಂಬರಿಗೆ ಹೆಸರುಬೇಳೆ 2 ಕೆಜಿ, ಸೌತೆಕಾಯಿ 4 ಕೆಜಿ. ಮಜ್ಜಿಗೆಗೆ ಮೊಸರು 7 ಲೀಟರು, ತುಪ್ಪ 1 ಕೆಜಿ. ಎಲೆ ಮಾತ್ರ 220 ತನ್ನಿ, ಹರಿದವು ಇದ್ದೇ ಇರುತ್ತವೆ.

ಪಾಯಸಕ್ಕೆ ಶಾವಿಗೆಗಿಂತ ಕಡಲೆಬೇಳೆ ಕ್ಷೇಮ. ಶಾವಿಗೆ ನಿಂತಷ್ಟೂ ಹಾಲು ಕುಡಿದು ಗಟ್ಟಿಯಾಗುತ್ತದೆ, ಮೂರನೇ ಪಂಕ್ತಿಯ ಹೊತ್ತಿಗೆ ಸೌಟಿನಿಂದ ಬೀಳುವುದೇ ಇಲ್ಲ. ಕಡಲೆಬೇಳೆ 3 ಕೆಜಿ, ಬೆಲ್ಲ 4 ಕೆಜಿ, ತೆಂಗಿನಕಾಯಿ 10. ಬೇಳೆ ಬೆರಳಲ್ಲಿ ಹಿಸುಕಿದರೆ ನುರಿಯುವಂತೆ ಬೆಂದ ಮೇಲೆಯೇ ಬೆಲ್ಲ ಹಾಕಬೇಕು. ಮೊದಲೇ ಹಾಕಿದರೆ ಬೇಳೆ ಬಿರುಸಾಗಿ ನಿಂತುಬಿಡುತ್ತದೆ. ಕಾಯಿಹಾಲು ಕೊನೆಗೆ, ಉರಿ ಸಣ್ಣ ಮಾಡಿ. ಹೋದ ವರ್ಷ ಪಾಯಸ ಮುಗಿದದ್ದು ಬಹುಶಃ ಲೆಕ್ಕದ ತಪ್ಪಲ್ಲ, ಸೌಟಿನ ತಪ್ಪು. ಮೊದಲ ಪಂಕ್ತಿಗೆ ಕೈಧಾರಾಳ ಇರುತ್ತದೆ. 80 ಮಿಲಿ ಹಿಡಿಯುವ ಒಂದೇ ಅಳತೆಯ ಸೌಟು ಕೊಟ್ಟು, ಎಲೆಗೆ ಒಂದೇ ಸೌಟು ಎಂದು ಬಡಿಸುವವರಿಗೆ ಹೇಳಿ. ಕೊನೆಯ ಪಂಕ್ತಿಯ ಪಾಲನ್ನು ಊಟ ಶುರುವಾಗುವ ಮೊದಲೇ ಬೇರೆ ಪಾತ್ರೆಗೆ ತೆಗೆದು ಮುಚ್ಚಿಡಿ. ಬೆಳಗಿನಿಂದ ಒಲೆ ಮುಂದೆ ಬೆಂದವರು, ಎಲೆ ಎತ್ತಿದವರು ಕೂರುವುದು ಆ ಪಂಕ್ತಿಗೇ. ಅವರ ಎಲೆಗೆ ಪಾಯಸ ಇಲ್ಲದಿದ್ದರೆ ಇಡೀ ಊಟ ಕೆಟ್ಟಂತೆ.

22 ಕೆಜಿಯನ್ನು ಒಂದೇ ಪಾತ್ರೆಗೆ ಹಾಕಬೇಡಿ. ಮೇಲಿನ ಭಾರಕ್ಕೆ ಕೆಳಗಿನ ಅನ್ನ ಮುದ್ದೆಯಾಗುತ್ತದೆ, ತಳ ಹಿಡಿಯುತ್ತದೆ, ಮೇಲ್ಪದರ ಅರೆಬೆಂದೇ ಉಳಿಯುತ್ತದೆ. ಏಳೆಂಟು ಕೆಜಿಯಂತೆ ಮೂರು ಸಲ, ಅಕ್ಕಿಯ ಐದಾರು ಪಟ್ಟು ಕುದಿನೀರಲ್ಲಿ ಬೇಯಿಸಿ ಬಸಿಯಿರಿ. ಅಗುಳು ಹಿಸುಕಿದಾಗ ನಡುವೆ ಸೂಜಿಮೊನೆಯಷ್ಟು ಬಿಳಿ ಕಾಣುವಾಗಲೇ ಬಸಿದರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ಮೊದಲ ಸರದಿ ಊಟಕ್ಕೆ ಅರ್ಧ ಗಂಟೆ ಮುಂಚೆ, ಮುಂದಿನದು ಒಂದನೇ ಪಂಕ್ತಿ ಉಣ್ಣುವಾಗ. ಮೂರನೆಯದಕ್ಕೆ ಅಕ್ಕಿ ತೊಳೆಯುವ ಮುನ್ನ ಎಷ್ಟು ಜನ ಉಳಿದಿದ್ದಾರೆ ಎಂದು ಎಣಿಸಿ. ಅನ್ನ ಮಿಗುವುದು ನಿಲ್ಲುವುದು ಇಲ್ಲೇ. ತಳ ಹಿಡಿದರೆ ಕೆದಕಬೇಡಿ, ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆಯಿರಿ.

ದೊಡ್ಡ ಪಾತ್ರೆಯಲ್ಲಿ ನೀರು ಮನೆಯಷ್ಟು ಆರುವುದಿಲ್ಲ, ಹಾಗಾಗಿ ಹುಳಿಗೆ ನೀರು ಕಡಿಮೆ ಹಿಡಿಯಿರಿ. ಉಪ್ಪು, ಖಾರ ಲೆಕ್ಕದ ಮುಕ್ಕಾಲು ಪಾಲು ಹಾಕಿ ಕುದಿಸಿ, ಇಬ್ಬರು ರುಚಿ ನೋಡಿದ ಮೇಲೆ ಉಳಿದದ್ದು. ಹುಣಸೆರಸ ಬೇಳೆ ಪೂರ್ತಿ ಬೆಂದ ನಂತರವೇ. ಕೋಸಂಬರಿಗೆ ಉಪ್ಪು ಬಿದ್ದ ಕೂಡಲೇ ಸೌತೆಕಾಯಿ ನೀರು ಬಿಡುವುದರಿಂದ ಪ್ರತಿ ಪಂಕ್ತಿಗೂ ಆಗಾಗಲೇ ಕಲೆಸಿ.

50 ಜನರ ಪಂಕ್ತಿಗೆ ಉಣ್ಣಲು ಅರ್ಧ ಗಂಟೆ, ಎತ್ತಿ ಒರೆಸಲು 10 ನಿಮಿಷ. ನಾಲ್ಕು ಪಂಕ್ತಿ ಮುಗಿಯಲು ಎರಡೂಮುಕ್ಕಾಲು ಗಂಟೆ ಹತ್ತಿರ ಬೇಕು. ಅಷ್ಟು ಹೊತ್ತೂ ಹುಳಿ, ಸಾರು ಸಣ್ಣ ಉರಿಯ ಮೇಲೇ ಇರಲಿ. 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ನಿಂತ ಬೇಳೆ ಕೆಡುತ್ತದೆ. ಗಂಟೆಗಟ್ಟಲೆ ಹೊರಗಿದ್ದ ಅನ್ನವನ್ನು ಸಂಜೆ ಬಿಸಿ ಮಾಡಿ ಹಂಚಬೇಡಿ. ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿಗೂ ಹೋಗುವುದಿಲ್ಲ. ಕೊಡುವುದಿದ್ದರೆ ಊಟ ಮುಗಿದ ಕೂಡಲೇ ಕೊಟ್ಟುಬಿಡಿ.

ಮನೆಗೊಂದು ಬಗೆ ತರಿಸೋಣವೇ ಎಂದೂ ಕೇಳಿದ್ದೀರಿ. ಒಣ ಪದಾರ್ಥಕ್ಕೆ ಅದು ಚೆನ್ನ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಜೋಳದ ರೊಟ್ಟಿ ಬಡಿದು ಗಾಡಿ ತುಂಬಾ ತರುತ್ತಾರೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ಆದ್ದರಿಂದಲೇ ಅದು ಸಾಧ್ಯ. ಹತ್ತು ಮನೆಯ ಹುಳಿ ಒಂದು ಕೊಳಗಕ್ಕೆ ಸುರಿದರೆ ಯಾರ ರುಚಿಯೂ ಉಳಿಯುವುದಿಲ್ಲ.

ಪ್ರಶ್ನೆ: ಮಗನ ಮದುವೆಗೆ ಬಡಿಸಲು ನಮ್ಮ ಹುಡುಗರೇ ನಿಲ್ಲುತ್ತಾರೆ. ಎಲೆಯ ತುದಿ ಯಾವ ಕಡೆ, ಯಾವುದು ಮೊದಲು? (ಮೈಸೂರು)

ಉತ್ತರ: ತುದಿ ಉಣ್ಣುವವರ ಎಡಕ್ಕೆ. ಅಗಲದ ಭಾಗ ಬಲಗೈ ಕಡೆ ಬಂದರೆ ಕಲೆಸಲು ಜಾಗ ಸಿಗುತ್ತದೆ. ಮೇಲಿನ ಸಾಲಿನಲ್ಲಿ ಎಡತುದಿಗೆ ಉಪ್ಪು, ಆಮೇಲೆ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯ. ಕೆಳಗೆ ಬಲಮೂಲೆಗೆ ಪಾಯಸ, ಎಡಕ್ಕೆ ಚಿತ್ರಾನ್ನ, ನಡುವೆ ಅನ್ನ, ಅದರ ಮೇಲೆ ತೊವ್ವೆ, ತುಪ್ಪ. ಮುಂದೆ ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಸಾರು ಮೊದಲೋ ಹುಳಿ ಮೊದಲೋ ಎಂಬುದು ಮನೆಯಿಂದ ಮನೆಗೆ ಬೇರೆ. ಬೀಗರನ್ನೂ ಕೇಳಿಕೊಳ್ಳಿ, ಈ ಸಣ್ಣ ವಿಚಾರಕ್ಕೂ ಮನಸ್ಸು ಮುರಿಯುವುದುಂಟು.

ಹುಡುಗರು ಎಡವುವುದು ವೇಗದಲ್ಲಿ. ಆರಿದರೂ ಕೆಡದ ಪದಾರ್ಥಗಳನ್ನು ಜನ ಕೂರುವ ಮೊದಲೇ ಬಡಿಸಬಹುದು. ಅನ್ನ ಮಾತ್ರ ಎಲ್ಲರೂ ಕೂತ ಮೇಲೆ, ಅನ್ನದ ಬೆನ್ನಿಗೇ ತೊವ್ವೆ. ಅನ್ನದವನಿಗೂ ತೊವ್ವೆಯವನಿಗೂ ಐದಾರು ಎಲೆಗಿಂತ ಹೆಚ್ಚು ಅಂತರ ಬಿದ್ದರೆ ಅನ್ನ ತಣ್ಣಗಾಗುತ್ತದೆ, ಸಾಲಿನ ಕೊನೆಯವರು ಕೈಕಟ್ಟಿ ಕೂರುತ್ತಾರೆ. ಸಾರಿನ ಬಕೆಟ್ ಅರ್ಧ ಮಾತ್ರ ತುಂಬಿಸಿ ಕೊಡಿ, ತುಳುಕದು. ಎರಡನೇ ಸಲ ಬಂದಾಗ "ಸಾಕಾ?" ಎಂದು ಕೇಳಬಾರದು, "ಸ್ವಲ್ಪ ಹಾಕಲಾ?" ಎನ್ನಬೇಕು. ಹಾಗೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಬಲವಂತದಿಂದ ಸುರಿಯುವುದೂ ಬೇಡ. ಸಕ್ಕರೆ ಕಾಯಿಲೆಯವರು ಎಷ್ಟೋ ಜನ ಇರುತ್ತಾರೆ.

ಪ್ರಶ್ನೆ: ಪಕ್ಕದ ಮನೆಯಲ್ಲಿ ಸಾವಾಗಿದೆ. ಊಟ ಕಳಿಸಬೇಕೆಂದಿದ್ದೇವೆ, ಅವರ ಪದ್ಧತಿ ತಿಳಿಯದು. (ಬೆಂಗಳೂರು)

ಉತ್ತರ: ಸಾವಾದ ಮನೆಯಲ್ಲಿ ಒಲೆ ಹಚ್ಚದಿರುವುದು, ನೆಂಟರು ನೆರೆಯವರು ಊಟ ಒಯ್ಯುವುದು ನಮ್ಮಲ್ಲಿ ಅನೇಕ ಸಮುದಾಯಗಳ ರೂಢಿ. ಮುಸ್ಲಿಂ ಮನೆಗಳಿಗೂ ಮೊದಲ ದಿನಗಳಲ್ಲಿ ಹೀಗೆ ಊಟ ಹೋಗುತ್ತದೆ. ಆ ಮನೆಯ ಯಾರನ್ನಾದರೂ, ಹೆಂಡತಿ ಮಕ್ಕಳನ್ನಲ್ಲ, ಓಡಾಡುತ್ತಿರುವ ಭಾವಮೈದುನನನ್ನೋ ಚಿಕ್ಕಪ್ಪನನ್ನೋ ಪಕ್ಕಕ್ಕೆ ಕರೆದು, "ಏನು ತರಬಹುದು, ಯಾವಾಗ ತರಬಹುದು" ಎಂದು ಕೇಳಿ. ಹೊರಗಿನ ಊಟ ಮುಟ್ಟದ ಮನೆಗಳೂ ಇವೆ. ಸಿಹಿ, ಹಬ್ಬದಡಿಗೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ ಸಾಕು. ಅತ್ತು ಗಂಟಲು ಒಣಗಿದವರಿಗೆ ಇಳಿಯುವುದು ಅದೇ. ಹತ್ತು ಜನರಿಗೆ 1 ಕೆಜಿ ಅಕ್ಕಿ. ಮಕ್ಕಳಿಗೆ ಇಡ್ಲಿ, ಬಂದುಹೋಗುವವರಿಗೆ ಫ್ಲಾಸ್ಕಿನಲ್ಲಿ ಕಾಫಿ, ಕುಡಿಯುವ ನೀರು, ಲೋಟ.

ಮೊದಲ ದಿನ ಆರು ಮನೆಯಿಂದ ಬಂದು ಚೆಲ್ಲಿಹೋಗುತ್ತದೆ, ನಾಲ್ಕನೇ ದಿನ ಯಾರೂ ಇರುವುದಿಲ್ಲ. ಮಹಡಿಯವರೆಲ್ಲ ಸರದಿ ಹಂಚಿಕೊಂಡು ಹತ್ತು ದಿನಕ್ಕೂ ಚಾಚಿ. ವಾಪಸ್ ಬೇಡದ ಡಬ್ಬಿಯಲ್ಲಿ ಕಳಿಸಿ. ಯಾವ ಪಾತ್ರೆ ಯಾರದ್ದು ಎಂದು ಹುಡುಕುವ ಕೆಲಸ ಆ ಮನೆಗೆ ಬರಬಾರದು.

ಪ್ರಶ್ನೆ: ಸಂಕ್ರಾಂತಿಗೆ ಎಳ್ಳು ಬೀರಲು ಮಾಡಿದ ಎಳ್ಳು ಬೆಲ್ಲ ಎರಡೇ ದಿನಕ್ಕೆ ಅಂಟಿ ಉಂಡೆಯಾಯಿತು. (ಹಾಸನ)

ಉತ್ತರ: ಬೆಲ್ಲ ನೀರು ಎಳೆದಿದೆ. ಹೊಸ ಬೆಲ್ಲ ಮೆತ್ತಗಿರುತ್ತದೆ. ಗಟ್ಟಿ ಅಚ್ಚುಬೆಲ್ಲವನ್ನೇ ಆರಿಸಿ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಬಟ್ಟೆಯ ಮೇಲೆ ಎರಡು ದಿನ ಬಿಸಿಲಿಗೆ ಹರಡಿ. ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಕತ್ತರಿಸಿ, ಅದನ್ನೂ ಒಣಗಿಸಿ. ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ತಲಾ 500 ಗ್ರಾಂ, ಬಿಳಿ ಎಳ್ಳು 200 ಗ್ರಾಂ. 50 ಗ್ರಾಮಿನ ನಲವತ್ತಕ್ಕೂ ಹೆಚ್ಚು ಪೊಟ್ಟಣ ಆಗುತ್ತದೆ. ಹುರಿದ ಬೀಜ, ಎಳ್ಳು ಪೂರ್ತಿ ತಣ್ಣಗಾಗಲೇಬೇಕು. ಸ್ವಲ್ಪ ಬಿಸಿ ಇದ್ದರೂ ಬೆಲ್ಲ ಬೆವರುತ್ತದೆ. ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಬೀರುವ ಹಿಂದಿನ ಸಂಜೆ ಒಣಗೈಯಲ್ಲಿ ಬೆರೆಸಿ. ಸಕ್ಕರೆ ಅಚ್ಚನ್ನು ಅದರೊಳಗೆ ಹೂತಿಡದೆ ಪೊಟ್ಟಣದ ಮೇಲಿಡಿ, ಮುರಿಯುವುದಿಲ್ಲ.