ಮುಖ ನೋಡಿ ಆಟಿಸಂ ಇದೆ ಎಂದು ಹೇಳಬಹುದೇ?

ಇಲ್ಲ. ಆಟಿಸಂ ಎಂಬುದು ಮಾತು, ಒಡನಾಟ, ನಡವಳಿಕೆಗಳಲ್ಲಿ ಕಾಣುವ ಬೆಳವಣಿಗೆಯ ವ್ಯತ್ಯಾಸ. ಡೌನ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಇರುವ ವಂಶವಾಹಿ ತೊಂದರೆ ಇದ್ದವರ ಕಣ್ಣು, ಮೂಗಿನ ಆಕಾರದಲ್ಲೇ ಸುಳಿವು ಸಿಗುತ್ತದೆ. ಎರಡೂ ಒಂದೇ ಎಂದುಕೊಂಡವರು ಬಹಳ ಮಂದಿ. ಈ ಪ್ರಶ್ನೆ ಹುಟ್ಟುವುದೂ ಹೆಚ್ಚಾಗಿ ಅಲ್ಲಿಂದಲೇ. ಆಟಿಸಂಗೆ ಅಂಥ ಮುಖಲಕ್ಷಣವಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆಗೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಆರು ವರ್ಷದ ಅವನಿಗೆ ಆಟಿಸಂ ಇದೆ. ಡೊಳ್ಳಿನ ಸದ್ದು ಕೇಳಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಮಣ್ಣಿನಲ್ಲೇ ಕುಳಿತುಬಿಟ್ಟ. ಆಮೇಲೆ ತಿರುಗುವ ತೊಟ್ಟಿಲನ್ನು ಅರ್ಧ ಗಂಟೆ ನೋಡುತ್ತ ನಿಂತ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬರು, "ನೋಡಲು ಲಕ್ಷಣವಾಗಿಯೇ ಇದ್ದಾನಲ್ಲ, ಹಟ ಜಾಸ್ತಿ ಅಷ್ಟೇ" ಎಂದರು. ಅಕ್ಕನಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ವೈದ್ಯರು ಗಮನಿಸುವುದು ನಡವಳಿಕೆಯನ್ನು: ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಮಾತು ಹೇಗಿದೆ, ಒಂದೇ ಆಟವನ್ನು ಮತ್ತೆ ಮತ್ತೆ ಆಡುತ್ತದೆಯೇ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದಾಗಲೂ ಆಧಾರ ನಡವಳಿಕೆಯೇ ಆಗಿತ್ತು. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳಿಂದ ಇಂದಿಗೂ ಇದನ್ನು ಖಚಿತಪಡಿಸಲಾಗದು.

ಒಂದು ಮಾತು ಸೇರಿಸಬೇಕು. ಆಟಿಸಂ ಇರುವ ಕೆಲವರಿಗೆ ಫ್ರಜೈಲ್ ಎಕ್ಸ್‌ನಂಥ ಆನುವಂಶಿಕ ತೊಂದರೆಯೂ ಇರುತ್ತದೆ. ಆಗ ಉದ್ದ ಮುಖ, ದೊಡ್ಡ ಕಿವಿ ಕಾಣಬಹುದು. ಅದು ಆ ತೊಂದರೆಯ ಗುರುತೇ ಹೊರತು ಆಟಿಸಂನದಲ್ಲ.

ಮಗುವಿಗೆ ಒಂದೂವರೆ ವರ್ಷವಾದರೂ ಕರೆದಾಗ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಫೋಟೋ ಕಳುಹಿಸಿ ಅವರಿವರನ್ನು ಕೇಳಬೇಡಿ. ಮಕ್ಕಳ ತಜ್ಞರ ಬಳಿ ಹೋಗಿ; ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ.