ಲಿವರ್ ಸಿರೋಸಿಸ್ ಇರುವವರಿಗೆ ಮಲ ಕಪ್ಪಾದರೆ ಸೋಮವಾರದವರೆಗೆ ಕಾಯಬಹುದೇ?

ನಿಮ್ಮ ತಂದೆಯವರಿಗೆ ಮೂರು ವರ್ಷಗಳಿಂದ ಲಿವರ್ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಇದೆ, ನಿನ್ನೆಯಿಂದ ಮಲ ಕಪ್ಪಗೆ ಹೋಗುತ್ತಿದೆ, ಹೊಟ್ಟೆನೋವಿಲ್ಲ, ಊಟವನ್ನೂ ಮಾಡುತ್ತಿದ್ದಾರೆ, ಹಾಗಾಗಿ ಸೋಮವಾರದ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬಾರದು. ಅವರನ್ನು ಈಗಲೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಕೊನೆಯ ಎರಡು ಪ್ಯಾರಾಗಳನ್ನು ಹೊರಡುವ ಮೊದಲು ನೋಡಿಕೊಳ್ಳಿ, ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಬಹುದು. ನಾನು ವೈದ್ಯನಲ್ಲ. ಇದೇ ಕಾಯಿಲೆಯಿದ್ದ ನನ್ನ ತಂದೆಯವರನ್ನು ಆರು ವರ್ಷ ನೋಡಿಕೊಂಡವನು, ನೀವು ಮಾಡಲು ಹೊರಟಿರುವ ತಪ್ಪನ್ನು ಒಮ್ಮೆ ಮಾಡಿದವನು.

ನಮ್ಮ ಮನೆಯಲ್ಲಿ ಅಪ್ಪ ಕಪ್ಪಗೆ ಹೋಗುತ್ತಿದೆ ಎಂದಾಗ, ಉಷ್ಣವಾಗಿರಬೇಕೆಂದು ಅಮ್ಮ ಎಳನೀರು ಕೊಟ್ಟರು, ರಾಗಿಮುದ್ದೆಯ ಬಣ್ಣವಿರಬೇಕೆಂದು ಅಪ್ಪನೇ ನಕ್ಕರು, ನಾನು ತಪ್ಪನ್ನೆಲ್ಲ ಕಬ್ಬಿಣಾಂಶದ ಮಾತ್ರೆಯ ಮೇಲೆ ಹೊರಿಸಿದೆ. ಮರುದಿನ ಬೆಳಿಗ್ಗೆ ಶೌಚಾಲಯಕ್ಕೆ ಹೋಗಿ ಕಣ್ಣಾರೆ ನೋಡಿದೆ: ಬಿಸಿ ಡಾಂಬರಿನಂತೆ ಹೊಳೆಯುವ, ಅಂಟಂಟಾದ ಕಪ್ಪು, ನಾಲ್ಕು ಚೊಂಬು ನೀರು ಸುರಿದರೂ ಬಿಡಲೊಲ್ಲದು, ಹರಿದ ನೀರಿನ ಅಂಚಿನಲ್ಲಿ ಕೆಂಪು. ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ನಿಜ, ಆದರೆ ಸಾಮಾನ್ಯವಾಗಿ ಅದು ಹಸಿರು ಮಿಶ್ರಿತ ಕಪ್ಪಾಗಿರುತ್ತದೆ, ಹೀಗೆ ಅಂಟುವುದಿಲ್ಲ, ಈ ಪರಿ ನಾರುವುದಿಲ್ಲ. ಹಾಗೆಂದು ಸಿರೋಸಿಸ್ ಇರುವವರ ವಿಷಯದಲ್ಲಿ ಈ ವ್ಯತ್ಯಾಸವನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಲು ಹೋಗಬೇಡಿ.

ಒಳಗೆ ನಡೆಯುವುದು ಇಷ್ಟು. ಗಟ್ಟಿಯಾದ ಲಿವರ್‌ನೊಳಗೆ ಕರುಳಿನ ಕಡೆಯಿಂದ ಬರುವ ರಕ್ತ ಸರಾಗವಾಗಿ ಹರಿಯಲಾರದೆ ಒತ್ತಡ ಏರುತ್ತದೆ, ಆ ರಕ್ತ ಅನ್ನನಾಳದ ಕೆಳಭಾಗದ ತೆಳುವಾದ ರಕ್ತನಾಳಗಳ ಮೂಲಕ ಬೇರೆ ದಾರಿ ಹುಡುಕುತ್ತದೆ, ಅವು ಉಬ್ಬಿ ಒಂದು ದಿನ ಒಡೆಯುತ್ತವೆ. ವೈದ್ಯರು ಇವನ್ನು ವೆರಿಸಸ್ ಎನ್ನುತ್ತಾರೆ. ಒಡೆದಾಗ ನೋವಾಗುವುದಿಲ್ಲ, ನಮ್ಮನ್ನು ಮೋಸಗೊಳಿಸಿದ್ದೂ ಅದೇ. ರಕ್ತ ಹೊಟ್ಟೆಯಲ್ಲಿ, ಕರುಳಿನಲ್ಲಿ ಜೀರ್ಣವಾಗುತ್ತಾ ಇಳಿದು ಕಪ್ಪಾಗುತ್ತದೆ. ಮಲ ಹಾಗೆ ಕಪ್ಪಾಗಲು 50ರಿಂದ 100 ಮಿಲಿಲೀಟರ್, ಅಂದರೆ ಅರ್ಧ ಲೋಟ ರಕ್ತ ಸಾಕು. ಮುಂದಿನ ಸಲ ಅದು ವಾಂತಿಯಾಗಿ, ಹಸಿ ಕೆಂಪಾಗಿಯೋ ಕಾಫಿ ಗಷ್ಟದಂತೆಯೋ ಹೊರಬರಬಹುದು, ಆಗ ಕೈಯಲ್ಲಿರುವ ಸಮಯ ಇನ್ನೂ ಕಡಿಮೆ.

ಎದ್ದು ನಿಂತಾಗ ತಲೆಸುತ್ತು, ತಣ್ಣನೆಯ ಬೆವರು, ಮುಖ ಬಿಳಿಚಿಕೊಳ್ಳುವುದು, ಮೂತ್ರ ಕಡಿಮೆಯಾಗುವುದು ಇವೆಲ್ಲ ರಕ್ತ ಸಾಕಷ್ಟು ಹೋಗಿರುವುದರ ಲಕ್ಷಣಗಳು. ನಾಡಿ ಜೋರಾಗಿ ಓಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಸಿರೋಸಿಸ್ ರೋಗಿಗಳಲ್ಲಿ ಅನೇಕರು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ತೆಗೆದುಕೊಳ್ಳುತ್ತಿರುತ್ತಾರೆ. ಆ ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುವುದರಿಂದ ರಕ್ತ ಸೋರುತ್ತಿದ್ದರೂ ಬಡಿತ ಸಾಮಾನ್ಯವಾಗಿಯೇ ಕಾಣಬಹುದು. ಮೊದಲ ಕೆಲವು ಗಂಟೆಗಳಲ್ಲಿ ಹಿಮೋಗ್ಲೋಬಿನ್ ಕೂಡ ಹೆಚ್ಚು ಇಳಿದಿರುವುದಿಲ್ಲ, ಆದ್ದರಿಂದ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎಂಬ ಸಲಹೆಯನ್ನು ಒಪ್ಪಬೇಡಿ. ಇನ್ನೊಂದು ಲಕ್ಷಣವನ್ನು ನಾವು ಗುರುತಿಸಲೇ ಇಲ್ಲ. ಹೊರಡುವ ಹೊತ್ತಿಗೆ ಅಪ್ಪ ಅಂಗಿಯ ಗುಂಡಿಗಳನ್ನು ತಪ್ಪು ಕಾಜಿಗೆ ಹಾಕಿಕೊಂಡು, ಇವತ್ತು ಯಾವ ವಾರವೆಂದು ಮೂರು ಸಲ ಕೇಳಿದ್ದರು, ವಯಸ್ಸಾಯಿತೆಂದು ಸುಮ್ಮನಾದೆವು. ಕರುಳಿನಲ್ಲಿ ರಕ್ತ ಕೊಳೆತು ಹುಟ್ಟುವ ಅಮೋನಿಯಾವನ್ನು ಸೋತ ಲಿವರ್ ತೆಗೆದುಹಾಕಲಾರದೆ ಅದು ಮಿದುಳನ್ನು ಮಂಕುಗೊಳಿಸುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು.

ಹೊರಡುವಾಗ ಅವರಿಗೆ ತಿನ್ನಲು ಕುಡಿಯಲು ಏನೂ ಕೊಡಬೇಡಿ, ಎಳನೀರನ್ನೂ ಸಹ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ಬೇಡವೇ ಬೇಡ. ಶೌಚಾಲಯಕ್ಕೆ ಹೋದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬಿಡಬೇಡಿ, ಪ್ರಜ್ಞೆ ತಪ್ಪಿ ಬೀಳುವುದು ಅಲ್ಲೇ ಹೆಚ್ಚು. ಬೈಕಿನಲ್ಲಿ ಕೂರಿಸಬೇಡಿ, 108ಕ್ಕೆ ಕರೆ ಮಾಡಿ ಅಥವಾ ಕಾರಿನಲ್ಲಿ ಎಡ ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಬಾರದು. ನಾವು ಮನೆಗೆ ಹತ್ತಿರವೆಂದು ಒಂದು ನರ್ಸಿಂಗ್ ಹೋಮಿಗೆ ಹೋದೆವು, ಅಲ್ಲಿ ಎಂಡೋಸ್ಕೋಪಿಯೇ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವ ವ್ಯವಸ್ಥೆ) ಇರಲಿಲ್ಲ, ಡ್ರಿಪ್ ಹಾಕಿ ಬೇರೆಡೆಗೆ ಕಳುಹಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆದ್ದರಿಂದ ದಾರಿಯಿಂದಲೇ ಫೋನ್ ಮಾಡಿ, ತುರ್ತು ಎಂಡೋಸ್ಕೋಪಿ ಮತ್ತು ರಕ್ತನಿಧಿ ಇದೆಯೇ ಎಂದು ಕೇಳಿ. ಆದರೆ ಅವರು ಕುಸಿಯುವಂತೆ ಕಂಡರೆ ಅಥವಾ ರಕ್ತ ವಾಂತಿ ಮಾಡಿದರೆ ಈ ಲೆಕ್ಕ ಬೇಡ, ಹತ್ತಿರದ ಆಸ್ಪತ್ರೆಯೇ ಸರಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಯಲ್ಲಿ, ಆ ರಕ್ತನಾಳಗಳ ಒತ್ತಡ ತಗ್ಗಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಮತ್ತು ಆ್ಯಂಟಿಬಯೋಟಿಕ್ ಶುರುಮಾಡಿ, ಸಾಮಾನ್ಯವಾಗಿ 12 ಗಂಟೆಗಳೊಳಗೆ ಎಂಡೋಸ್ಕೋಪಿ ಮಾಡಿ, ಸೋರುವ ರಕ್ತನಾಳಕ್ಕೆ ಪುಟ್ಟ ರಬ್ಬರ್ ಬಳೆ ತೊಡಿಸುತ್ತಾರೆ. ನನ್ನ ತಂದೆಯವರಿಗೆ ಅಂದು ಐದು ಬಳೆ ಹಾಕಿದರು.

ಹಳೆಯ ಎಂಡೋಸ್ಕೋಪಿ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಸಂಕೋಚವೆನಿಸಿದರೂ ಮಲದ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಾನು ಕಪ್ಪು ಬಣ್ಣವನ್ನು ವಿವರಿಸಲು ಪರದಾಡುತ್ತಿದ್ದಾಗ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆ, ಫೋಟೋ ಇದೆಯೇ ಎಂದು ಕೇಳಿ, ನೋಡಿ, ಮರುಮಾತಿಲ್ಲದೆ ಎಂಡೋಸ್ಕೋಪಿ ಕೊಠಡಿಗೆ ಫೋನ್ ಮಾಡಿದರು.